ಹತ್ತು ಐವತ್ತೆರಡರ ಹೊಗೆ

ಆ ಚಿತ್ರವನ್ನು ಇವತ್ತು ತೆರೆಯಬಾರದು ಎಂದು ಬಸ್ಸಿನಲ್ಲೇ ನಿಶ್ಚಯಿಸಿಕೊಂಡು ಬಂದಿದ್ದ ವೃಷಾಲಿ, ಚೀಲವನ್ನು ಮೇಜಿನ ಕೆಳಗೆ ತಳ್ಳುವುದರೊಳಗೆ ಅದನ್ನು ತೆರೆದಿದ್ದಳು. ನೋಡಿದರೆ ಏನೂ ಇಲ್ಲ. ಹಸಿರು, ಕಂದು, ಬೂದಿ ಬಣ್ಣದ ಚೌಕಗಳು. ಪಂಚಗಂಗೆಯ ಸೊಟ್ಟ ಗೆರೆ. ಇಚಲಕರಂಜಿಯ ಮಗ್ಗದ ಶೆಡ್ಡುಗಳ ತಗಡು ಉಪ್ಪು ಚೆಲ್ಲಿದ ಹಾಗೆ ಬಿಳಿ ಬಿಳಿ. ಅದರಾಚೆ ಕೊರೋಚಿಯ ಹತ್ತಿರ ಒಂದು ತೆಳ್ಳನೆಯ ಎಳೆ, ಯಾರೋ ಒದ್ದೆ ಬೆರಳಿನಿಂದ ಒರೆಸಿಬಿಟ್ಟ ಹಾಗೆ ಪಶ್ಚಿಮಕ್ಕೆ ಚಾಚಿತ್ತು. ಎಳೆಯ ಸುತ್ತ ಹಳದಿ ಗೆರೆ ಎಳೆದವಳು ಅವಳೇ. ಕೆಳಗಿನ ಮೂಲೆಯಲ್ಲಿ ಹೊತ್ತು ಬರೆದಿತ್ತು, 5:22. ಅದು ಲಂಡನ್ನಿನ ಗಡಿಯಾರದ ಹೊತ್ತು. ಐದೂವರೆ ತಾಸು ಕೂಡಿಸಬೇಕು. ಹತ್ತು ಐವತ್ತೆರಡು. ಎಷ್ಟು ಸಲ ಕೂಡಿಸಿದರೂ ಅದು ಹತ್ತು ಐವತ್ತೆರಡೇ ಆಗುತ್ತಿತ್ತು. ಪಕ್ಕದ ಪಟ್ಟಿಯಲ್ಲಿ ಹೊಗೆಯ ಬಗೆ: ಹೊಲದ ಬೆಂಕಿ, ಕಬ್ಬಿನ ರವದಿ. ಖಾತ್ರಿ: ಪೂರ್ಣ. ಗುರುತು ಹಾಕಿದವರು: ವೃಷಾಲಿ ಸಾತಪ್ಪ.

ಅವಳ ಕೆಲಸವೆಂದರೆ ಇಷ್ಟೇ. ಉಪಗ್ರಹ ತೆಗೆದ ಚಿತ್ರಗಳಲ್ಲಿ ಹೊಗೆ ಹುಡುಕಿ, ಅದರ ಸುತ್ತ ಗೆರೆ ಎಳೆದು, ಅದು ಯಾವ ಹೊಗೆ ಎಂದು ಬರೆಯಬೇಕು. ಇಂಥ ಸಾವಿರಾರು ಚಿತ್ರಗಳನ್ನು ನೋಡಿ ನೋಡಿ ಕೊನೆಗೊಂದು ದಿನ ಕಂಪ್ಯೂಟರು ಕಾರ್ಖಾನೆಗೆ ಬೆಂಕಿ ಬಿದ್ದದ್ದನ್ನು ತಾನಾಗಿಯೇ ಗುರುತಿಸುವುದು ಕಲಿಯುತ್ತದಂತೆ. ಕೊಲ್ಹಾಪುರದ ಶಾಹೂಪುರಿಯಲ್ಲಿ, ಮೋಟರ್ ಪಂಪಿನ ಅಂಗಡಿಯೊಂದರ ಮೇಲಿನ ಮಾಳಿಗೆಯಲ್ಲಿ, ಒಂಬತ್ತು ಜನ ಹುಡುಗಿಯರು ಬೆಳಿಗ್ಗೆಯಿಂದ ಸಂಜೆಯ ತನಕ ಅದಕ್ಕೆ ಕಲಿಸುತ್ತಿದ್ದರು. ಗಡಹಿಂಗ್ಲಜದ ಕಾಲೇಜಿನಲ್ಲಿ ಭೂಗೋಳ ಓದಿ ಬಂದ ವೃಷಾಲಿಗೆ ಈ ಕೆಲಸದಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಮಾತಾಡಬೇಕಾಗಿಲ್ಲ ಎನ್ನುವುದು. ಇಚಲಕರಂಜಿಯ ಮನೆಯಲ್ಲಿ ಅಪ್ಪ ಸಾತಪ್ಪ ಜಾಬರ್, ಮಗ್ಗ ಜೋಡಿಸಿ ರಿಪೇರಿ ಮಾಡುವವನು. ಮೂವತ್ತು ವರ್ಷ ಮಗ್ಗಗಳ ಸದ್ದಿನ ನಡುವೆ ನಿಂತು ನಿಂತು ಅವನ ಕಿವಿ ಹೋಗಿತ್ತು, ಮನೆಯಲ್ಲಿ ಎಲ್ಲರೂ ಕೂಗಿಯೇ ಮಾತಾಡುತ್ತಿದ್ದರು, ಕೂಗಲು ಬಾರದ ಅವಳೊಬ್ಬಳ ಮಾತು ಅವನನ್ನು ಯಾವತ್ತೂ ಮುಟ್ಟಿರಲಿಲ್ಲ. 'ಬಾಯಾಗ ಗುಳಗಿ ಇಟ್ಕೊಂಡಿ ಏನ? ಜೋರ್ ಮಾತಾಡ ಪೋರಿ,' ಎನ್ನುತ್ತಿದ್ದ. ಇಲ್ಲಿ ಆ ಗೋಜಿಲ್ಲ. ಖಾತ್ರಿ ಎಷ್ಟು ಎಂದು ಚಿತ್ರ ಕೇಳುತ್ತದೆ. ಪೂರ್ಣ ಎಂದು ಒತ್ತಿದರೆ ಮುಗಿಯಿತು. ಜೀವಮಾನದಲ್ಲಿ ಯಾವ ಮನುಷ್ಯರೆದುರೂ ಯಾವುದರ ಬಗ್ಗೆಯೂ ಖಾತ್ರಿ ಇರದಿದ್ದ ಅವಳು ದಿನಕ್ಕೆ ನೂರು ಸಲ ಪೂರ್ಣ ಖಾತ್ರಿ ಎಂದು ಒತ್ತುತ್ತಿದ್ದಳು. ಒತ್ತುವಾಗ ಬೆರಳಿಗೊಂದು ಸಣ್ಣ ಸುಖ ಆಗುತ್ತಿತ್ತು.

ಮೇಲ್ವಿಚಾರಣೆಯ ಸೋನಲ್ ಮ್ಯಾಡಮ್ ಕುರುಂದವಾಡದ ಜೈನರ ಪೈಕಿ. ನೌಕರಿಗೆ ಸೇರಿಸಿಕೊಂಡ ದಿನವೇ ಹೇಳಿದ್ದರು: 'ಪುಣೆದಾಗ ಕೂತವ್ರಿಗೆ ಎಲ್ಲಾ ಹೊಗಿ ಒಂದs. ರವದಿ ಯಾವ್ದು, ಗಾಣದ್ದು ಯಾವ್ದು, ಗೋಕುಳ ಶಿರಗಾಂವದ ಫೌಂಡ್ರಿದ್ದು ಯಾವ್ದು, ನಿಮ್ಮಂಥ ಇಲ್ಲಿ ಹುಡುಗ್ಯಾರಿಗಷ್ಟ ಗೊತ್ತಾಗೋದು.' ಗೊತ್ತಿತ್ತು. ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಎಲೆಗೆ, ಆ ರವದಿಗೆ, ಗಾಳಿ ಏಳುವ ಮುಂಚೆ ಬೆಳಗಿನಲ್ಲೇ ಬೆಂಕಿ ಹಚ್ಚುತ್ತಾರೆ. ಅದರ ಹೊಗೆ ಬಿಳಿ, ಉದ್ದ, ಬೇಗ ಕರಗುವಂಥದ್ದು. ಹಂಗಾಮು ಮುಗಿಯುವ ತನಕ ಬಸ್ಸಿನ ಕಿಟಕಿಯಿಂದ ದಿನವೂ ನಾಲ್ಕೈದಾದರೂ ಕಾಣುತ್ತವೆ. ಸೀಟಿನಲ್ಲಿ ಕೂತ ಯಾರೂ ತಲೆ ಎತ್ತಿ ನೋಡುವುದಿಲ್ಲ. ಆ ದಿನ ಕೊರೋಚಿಯ ಹೊಗೆಯನ್ನೂ ಹಾಗೆಯೇ ಊರೆಲ್ಲ ಕಂಡಿತ್ತು, ಯಾರೂ ನೋಡಿರಲಿಲ್ಲ.

ಆದರೆ ಅವಳು ನೋಡಿದ್ದಳು. ಒಂಬತ್ತು ದಿನ ಬಿಟ್ಟು, ತಣ್ಣಗೆ, ಫ್ಯಾನಿನ ಕೆಳಗೆ ಕೂತು. ಅದನ್ನು ಅವಳು ತನಗೆ ತಾನೇ ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದಳು, ಹುಣ್ಣನ್ನು ನಾಲಿಗೆಯಿಂದ ಮುಟ್ಟಿ ನೋಡುವ ಹಾಗೆ. ಗೊತ್ತಿರಲಿಲ್ಲ ಎನ್ನುವ ಹಾಗಿರಲಿಲ್ಲ. ಕೊರೋಚಿಯ ಸೈಝಿಂಗ್ ಕಾರ್ಖಾನೆಗೆ ಬೆಂಕಿ ಬಿದ್ದದ್ದು, ಅದರಲ್ಲಿ ತಮ್ಮದೇ ಓಣಿಯ ಕಾಡಪ್ಪ ಸತ್ತದ್ದು, ಎಲ್ಲ ಗೊತ್ತಿತ್ತು. ಕಾಡಪ್ಪ ಅಲ್ಲಿ ಹನ್ನೊಂದು ವರ್ಷದಿಂದ ನೂಲಿಗೆ ಗಂಜಿ ಹಿಡಿಸಿ, ಒಣಗಿಸಿ, ಬೀಮೆಂಬ ದೊಡ್ಡ ಉರುಳೆಗೆ ಸುತ್ತುವ ಕೆಲಸದಲ್ಲಿದ್ದ. ಅವನ ಹೆಣವನ್ನು ಓಣಿಗೆ ತಂದ ದಿನ ವೃಷಾಲಿ ಬಾಗಿಲ ಸಂದಿಯಿಂದ ಕಂಡಿದ್ದು ಒಂದು ಚಾದರ, ಅಷ್ಟೇ. ಸೈಝಿಂಗಿನ ಮಾಲಕ ಅಣ್ಣಾಸಾಹೇಬ ಪೊಲೀಸರಿಗೆ ಹೇಳಿಕೆ ಕೊಟ್ಟಿದ್ದ: ಬೆಂಕಿ ಹತ್ತಿದ್ದು ಹನ್ನೆರಡೂವರೆಗೆ, ಊಟದ ಸುಟ್ಟಿಯಲ್ಲಿ, ಎಲ್ಲರೂ ಹೊರಗೆ ಹೋದಾಗ ಕಾಡಪ್ಪ ಒಬ್ಬನೇ ಒಳಗೆ ಹತ್ತಿಯ ಕಸದ ಹತ್ತಿರ ಬೀಡಿ ಸೇದುತ್ತ ಕೂತಿದ್ದ. ಉಳಿದ ಕೆಲಸಗಾರರೂ ಹನ್ನೆರಡೂವರೆ ಎಂದರು. ಈಗ ಅವರೆಲ್ಲ ಅಣ್ಣಾಸಾಹೇಬನದೇ ಇನ್ನೊಂದು ಶೆಡ್ಡಿನಲ್ಲಿ ಕೆಲಸಕ್ಕಿದ್ದರು. ಪೇಪರಿನಲ್ಲಿ ಹನ್ನೆರಡೂವರೆ ಎಂದು ಬಂತು. ಬಸ್ಸಿನಲ್ಲಿ ಹನ್ನೆರಡೂವರೆ ಎಂದರು. ಹಾಗಾಗಿ ಒಂಬತ್ತು ದಿನದ ಮೇಲೆ ಅದೇ ತಾರೀಖಿನ, ಅದೇ ಕೊರೋಚಿಯ ಚಿತ್ರ ಪರದೆಗೆ ಬಂದಾಗ ಅವಳ ಎದೆ ಒಂದು ಸಲ ಹೊಡೆದುಕೊಂಡದ್ದು ನಿಜ. ಕೂಡಲೇ ಮೂಲೆಯ ಹೊತ್ತಿಗೆ ಐದೂವರೆ ಕೂಡಿಸಿದ್ದು ನಿಜ. ಹತ್ತು ಐವತ್ತೆರಡಕ್ಕೆ ಆ ಬೆಂಕಿ ಇನ್ನೂ ಹತ್ತೇ ಇರಲಿಲ್ಲವಲ್ಲ, ಅಂದರೆ ಇದು ಅದಲ್ಲ, ಅಂದರೆ ಇದು ರವದಿ ಎಂದು ಸಮಾಧಾನದಿಂದ ಉಸಿರು ಬಿಟ್ಟದ್ದೂ ನಿಜ. ಗಿಡಮರಗಳೆಲ್ಲ ಕೆಂಪಾಗಿ ಕಾಣುವ ಇನ್ನೊಂದು ನೋಟವಿತ್ತು. ಅದಕ್ಕೆ ಇನ್ನೊಂದೇ ಒತ್ತು ಬೇಕಿತ್ತು. ಒತ್ತಿದ್ದರೆ ಹೊಗೆಯ ಬುಡದ ಸುತ್ತಲಿನ ಹೊಲಗಳು ರಕ್ತದಂಥ ಕೆಂಪಿನಲ್ಲಿ ಎದ್ದು ಕಾಣುತ್ತಿದ್ದವು. ಕೆಂಪೆಂದರೆ ಕಬ್ಬು ಇನ್ನೂ ನಿಂತಿದೆ. ನಿಂತ ಕಬ್ಬಿನಲ್ಲಿ ರವದಿ ಸುಡುವವರು ಯಾರೂ ಇಲ್ಲ. ಇದೂ ಅವಳಿಗೆ ಗೊತ್ತಿತ್ತು. ಅವಳು ಒತ್ತಲಿಲ್ಲ. ಆ ದಿನ ಚಹದ ಹೊತ್ತಾಗಿತ್ತು, ಪಕ್ಕದ ಹುಡುಗಿ ಎದ್ದು ನಿಂತಿದ್ದಳು.

ತಪ್ಪು ಗೊತ್ತಾದದ್ದು ನಳದ ಹತ್ತಿರ. ಕಾಡಪ್ಪನ ಹೆಂಡತಿ ಮಲಕವ್ವ ಎರಡು ಕೊಡ ಇಟ್ಟುಕೊಂಡು ಯಾರೊಂದಿಗೂ ಅಲ್ಲದ ಹಾಗೆ ಮಾತಾಡುತ್ತಿದ್ದಳು. 'ಹನ್ನೊಂದಕ್ಕ ಫೋನ್ ಮಾಡಿದ್ದ ನನಗ. ಇಲ್ಲಿ ಹೊಗಿ ಆಗೇತಿ, ಕಸದ ಖೋಲ್ಯಾಗ ಬೆಂಕಿ, ಮಾಲಕ ಬೀಮ್ ಹೊರಗ ಹಾಕಾಕ ಹಚ್ಯಾನ, ಊಟಕ್ಕ ತಡಾ ಆಕ್ಕೈತಿ, ಬುತ್ತಿ ಈಗ ತರಬ್ಯಾಡ ಅಂದ. ಹನ್ನೊಂದಕ್ಕ. ಪೊಲೀಸ್ ಸಾಹೇಬ್ರಿಗೆ ಹೇಳಿದ್ರ, ಫೋನ್ ಬಂದದ್ದು ಖರೆ, ಏನ್ ಮಾತಾಡಿದ ಅನ್ನಾಕ ಸಾಕ್ಷಿ ಎಲ್ಲೈತಿ ಅಂತಾರ. ಬೀಡಿ ಅಂತ, ಬೀಡಿ. ತಂಬಾಕ ತಿಂತಿದ್ದ ನನ್ನ ಗಂಡ. ಜನ್ಮದಾಗ ಬೀಡಿ ಬಾಯಿಗಿಟ್ಟವನಲ್ಲ. ಸತ್ತ ಮ್ಯಾಲ ಅವನ ಬಾಯಾಗ ಬೀಡಿ ಇಟ್ರಲ್ಲವಾ.' ವೃಷಾಲಿಯ ಕೊಡ ತುಂಬಿ ನೀರು ಕಾಲಿನ ಮೇಲೆ ಹರಿಯುತ್ತಿತ್ತು. ಹಿಂದಿನ ಹೆಂಗಸು ತಿವಿದ ಮೇಲೇ ಅವಳು ಕೊಡ ಸರಿಸಿದ್ದು. ಹೊಗೆ ಒಂದೂವರೆ ತಾಸು ಮುಂಚೆಯೇ ಇತ್ತು. ಒಂದೂವರೆ ತಾಸು ಆ ಮನುಷ್ಯರನ್ನು ಹೊಗೆಯೊಳಗೆ ಕಳಿಸಿ ಬೀಮು ಹೊರಿಸಿದ್ದರು. ಬೆಂಕಿ ಆರಿಸುವ ಬಂಬು ಕರೆಸಿದರೆ ನೀರು ಬಿದ್ದು ನೂಲೆಲ್ಲ ಕೆಡುತ್ತದೆಂದು ಕರೆಸಿರಲಿಲ್ಲ. ಅದನ್ನು ಏಳುನೂರು ಎಂಬತ್ತು ಕಿಲೋಮೀಟರ್ ಎತ್ತರದಿಂದ ಒಂದು ಕಣ್ಣು ನೋಡಿತ್ತು, ಆ ಕಣ್ಣಿನ ಕೆಳಗೆ ತಾನು ರವದಿ ಎಂದು ಬರೆದಿದ್ದಳು.

ಹೇಳದೆ ಇರಬಹುದಿತ್ತು. ಆರು ದಿನ ಹೇಳಲಿಲ್ಲ. ಏಳನೆಯ ದಿನ ಮಲಕವ್ವ ತಾನಾಗಿಯೇ ಬಾಗಿಲಿಗೆ ಬಂದಳು. ಮಂಡಿಯ ಮೇಲೆ ಕೈಯೂರಿ ಹೊಸ್ತಿಲ ಆಚೆಗೇ ಕೂತಳು. 'ಯವ್ವಾ, ನೀ ಆಕಾಶದಾಗಿಂದ ಹೊಗಿ ನೋಡೋ ಕೆಲಸಾ ಮಾಡ್ತಿ ಅಂತಲ್ಲ. ನಿಮ್ಮಪ್ಪ ಹೇಳಿದ. ಆ ದಿನದ್ದು ಏನರ ಕಾಣ್ತೈತೇನು ನೋಡಿ ಹೇಳ.' ಅಪ್ಪ ಗೋಡೆಗೊರಗಿ ಕೂತಿದ್ದ, ಮಗಳ ಬಾಯನ್ನೇ ನೋಡುತ್ತಿದ್ದ. ಅವಳು ತುಟಿ ಅಲ್ಲಾಡಿಸಿದಳು. ಏನಂದೆ ಎಂದು ತನಗೇ ಕೇಳಿಸಲಿಲ್ಲ. 'ಏನಂತ? ಜೋರ್ ಹೇಳ,' ಎಂದು ಅಪ್ಪ ಕೂಗಿದ. 'ಐತಿ,' ಎಂದಳು. 'ಹತ್ತು ಐವತ್ತೆರಡಕ್ಕ ಹೊಗಿ ಐತಿ.' ಅಪ್ಪ ಅದನ್ನು ಓಣಿಗೆಲ್ಲ ಕೇಳಿಸುವ ಹಾಗೆ ಮತ್ತೊಮ್ಮೆ ಹೇಳಿದ. ಮಲಕವ್ವ ಅಳಲಿಲ್ಲ. ಬಹಳ ಹೊತ್ತು ವೃಷಾಲಿಯ ಫೋನಿನಲ್ಲಿ ಆ ಚಿತ್ರ ನೋಡಿದಳು. ಎಲ್ಲಿ ಐತಿ ಎಂದು ಕೇಳಿದಳು. ವೃಷಾಲಿ ಬೆರಳಿಟ್ಟು ತೋರಿಸಿದಳು. 'ಇಷ್ಟs?' ಎಂದಳು. ಮತ್ತೆ ಅನುಮಾನಿಸುತ್ತ, 'ಇದರಾಗ ಅಂವ ಎಲ್ಲಿದ್ದಾನು?' ಎಂದು ಕೇಳಿದಳು. ಇದರಲ್ಲಿ ಒಂದು ಚುಕ್ಕೆ ಎಂದರೆ ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ, ಮನುಷ್ಯರು ಕಾಣುವುದಿಲ್ಲ ಎಂದು ಹೇಗೆ ಹೇಳುವುದು? ತಗಡಿನ ಮೇಲೆ ಬೆರಳಿಟ್ಟು, 'ಇಲ್ಲಿ,' ಎಂದಳು. ಆ ಚಿತ್ರದಲ್ಲಿ ಹೊಗೆಯ ಪಕ್ಕ ಏನು ಬರೆದಿದೆ ಎಂದು ಮಲಕವ್ವ ಕೇಳಲಿಲ್ಲ. ಬರೆದ ಪಟ್ಟಿಯನ್ನು ವೃಷಾಲಿ ಕತ್ತರಿಸಿಯೇ ಫೋನಿಗೆ ಹಾಕಿಕೊಂಡಿದ್ದಳು.

ಸೋನಲ್ ಮ್ಯಾಡಮ್ಮಿಗೆ ಹೇಳುವಾಗ ಮೇಜಿನ ಅಂಚನ್ನು ಹಿಡಿದುಕೊಂಡಿದ್ದಳು. ಅವರು ಸಿಟ್ಟಾಗಲಿಲ್ಲ, ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಚಿತ್ರವನ್ನು ಕೆಂಪು ನೋಟದಲ್ಲಿ ತೆರೆದು, ಹಿಗ್ಗಿಸಿ, ಹೊಗೆಯ ಬುಡ ಹುಡುಕಿ, 'ಹೌದಲ್ಲ. ತಗಡಿನ ಮ್ಯಾಲಿಂದs ಎದ್ದೈತಿ,' ಎಂದರು. 'ನಾನೂ ಪಾಸ್ ಮಾಡೇನಿ ನೋಡ ಇದನ್ನ. ನೀ ಮಾಡಿದ್ದು ಅಂತ ತೆಗದ ಸೈತ ನೋಡಿಲ್ಲ.' ವೃಷಾಲಿ ಬದಲಿಸಬಹುದೇ ಎಂದು ಕೇಳಿದಳು. 'ಈ ಚಿತ್ರದ ಸೆಟ್ ಪುಣೆಗೆ ಹೋಗಿ ತಿಂಗಳಾತು, ವೃಷಾಲಿ. ಬೀಗ ಬಿದ್ದೈತಿ. ಈಗ ನಾವು ತಿದ್ದಿದ್ರ, ಓಣಿಯವ್ರ ಸಲುವಾಗಿ ತಿದ್ದಿದ್ರು ಅಂತಾರ. ತಿದ್ದಿದ್ದ ತಾರೀಖೂ ಬೀಳ್ತೈತಿ.' ಆಮೇಲೆ ಬೆರಳಿನಿಂದ ಪೆನ್ನು ತಿರುಗಿಸುತ್ತ, 'ಚಿತ್ರಾ ಕೊಡ್ತೇನಿ. ಪತ್ರ ಬರೆದು ಕೊಡ್ತೇನಿ. ಆದ್ರ ಕೊಟ್ರ ಪೂರಾ ಕೊಡಬೇಕು, ಪಟ್ಟಿ ಸಹಿತ. ಅರ್ಧಾ ಕತ್ತರಿಸಿ ಕೊಡಾಕ ಬರೂದಿಲ್ಲ. ನೀ ವಿಚಾರಣಿಗೆ ಹೋಗಿ ಬಾಯಿಲೆ ಹೇಳು. ನಾ ತಪ್ಪು ಗುರುತ ಹಾಕಿದ್ದೆ, ಯಾಕ ಹಾಕಿದ್ದೆ ಅಂತ ಹೇಳು. ನೀ ಹೇಳಿದ್ರ ಆತು,' ಎಂದರು. ನೀ ಹೇಳಿದ್ರ ಆತು. ಅವರ ಮುಖದಲ್ಲಿ ಕುಹಕವಿರಲಿಲ್ಲ. ಮಾತಾಡುವುದು ಬಾಗಿಲು ತೆರೆಯುವಷ್ಟು ಸಹಜವಾದ ಮನುಷ್ಯರು ಅವರು.

ಇವತ್ತು ಆ ಚಿತ್ರವನ್ನು ಮುಚ್ಚಿ ಅವಳು ಗಂಟೆ ನೋಡಿದಳು. ಕಾಡಪ್ಪನ ಸಾವಿನ ವಿಚಾರಣೆ ಮೂರು ಗಂಟೆಗೆ, ಇಚಲಕರಂಜಿಯ ಸರಕಾರಿ ಕಚೇರಿಯಲ್ಲಿ. ಅರ್ಧ ದಿನದ ರಜೆ ಬರೆದಿಟ್ಟು ಎದ್ದಳು. ಬಸ್ಸಿನಲ್ಲಿ ಹಾತಕಣಂಗಲೆಯ ತನಕ ಒಂದೇ ವಾಕ್ಯವನ್ನು ಕನ್ನಡದಲ್ಲೂ ಮರಾಠಿಯಲ್ಲೂ ತಿರುಗಿಸಿ ಮುರುಗಿಸಿ ಹೇಳಿಕೊಂಡಳು. ಬೆಂಕಿ ಹನ್ನೆರಡೂವರೆಗೆ ಹತ್ತಿತು ಎಂದು ಎಲ್ಲರೂ ಹೇಳಿದ್ದರಿಂದ, ಅದಕ್ಕಿಂತ ಮುಂಚಿನ ಹೊಗೆ ರವದಿಯದೇ ಇರಬೇಕೆಂದು ನಾನು ತಿಳಿದೆ. ಹೊಲದಲ್ಲಿ ಕಬ್ಬು ನಿಂತಿದ್ದನ್ನು ನೋಡಲಿಲ್ಲ. ಅದು ಸೈಝಿಂಗಿನ ಹೊಗೆ. ಮೂರು ತುಂಡು. ಇಷ್ಟು ಹೇಳಿದರೆ ಕಾಡಪ್ಪನ ಬಾಯಿಂದ ಬೀಡಿ ಹೋಗುತ್ತದೆ. ವಾಕ್ಯ ಅವಳ ತಲೆಯಲ್ಲಿ ಎಷ್ಟು ನುಣುಪಾಗಿ ಹೋಗುತ್ತಿತ್ತೆಂದರೆ ಒಂದು ಗಳಿಗೆ ಧೈರ್ಯವೆನ್ನುವುದು ತನ್ನಲ್ಲೂ ಇದೆಯೇನೋ ಅನಿಸಿತು. ಕೊರೋಚಿ ಬಂದಾಗ ಕಿಟಕಿಯಿಂದ ಮುಖ ತಿರುಗಿಸಿದಳು, ಅಷ್ಟರೊಳಗೆ ಕಂಡೇಬಿಟ್ಟಿತ್ತು. ಕಪ್ಪಾದ ಗೋಡೆಯ ಮೇಲೆ ಆಗಲೇ ಹೊಸ ತಗಡು ಏರಿತ್ತು. ಪಕ್ಕದ ಹೊಲದಲ್ಲಿ ಈಗ ಕಬ್ಬು ಕಡಿದಾಗಿತ್ತು.

ಒಳಗೆ ಒಬ್ಬೊಬ್ಬರನ್ನೇ ಕರೆಯುತ್ತಿದ್ದರು. ಮಲಕವ್ವನನ್ನು ಹೊರಗೆ ಪಡಸಾಲೆಯಲ್ಲಿ ಕೂರಿಸಿದ್ದರು. ವಿಚಾರಣೆ ನಡೆಸುವ ಸಾಹೇಬರು ಮೆತ್ತಗಿನ ಮನುಷ್ಯ, ಕನ್ನಡಕ ಹಣೆಯ ಮೇಲೆ, ಮರಾಠಿಯಲ್ಲಿ ಬಸಾ ಬಸಾ ಎಂದು ಕುರ್ಚಿ ತೋರಿಸಿದರು. ಎಡಕ್ಕೆ ಅಣ್ಣಾಸಾಹೇಬ, ಅವನ ವಕೀಲ. ಅಣ್ಣಾಸಾಹೇಬ ಅವಳಿಗೆ ಕೈ ಮುಗಿದ. 'ಸಾತಪ್ಪಾನ ಮಗಳಲ್ಲಾ? ನಮ್ಮಲ್ಲಿ ಮಗ್ಗಾ ಜೋಡಿಸಿ ಕೊಟ್ಟಾನವ, ಭಾಳ ಹುಷಾರ ಮನಷಾ,' ಎಂದ. ಅವಳೂ ತಿರುಗಿ ಕೈ ಮುಗಿದಳು. ಮುಗಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಸೋನಲ್ ಮ್ಯಾಡಮ್ಮಿನ ಪತ್ರ, ಚಿತ್ರ, ಪಟ್ಟಿ ಮೇಜಿನ ಮೇಲಿದ್ದವು. ಸಾಹೇಬರು ಚಿತ್ರವನ್ನು ಬೆಳಕಿಗೆ ಹಿಡಿದು ನಿಜವಾಗಿ ನೋಡಿದರು. ಆಮೇಲೆ ಮರಾಠಿಯಲ್ಲೇ, ಎಷ್ಟು ದಿನದಿಂದ ಈ ಕೆಲಸ, ಎಷ್ಟು ಚಿತ್ರ ನೋಡಿರಬಹುದು ಎಂದು ಕೇಳಿದರು. ಹದಿನಾರು ತಿಂಗಳು, ಇಪ್ಪತ್ತು ಸಾವಿರದ ಮೇಲೆ. ತಪ್ಪು ಬಹಳ ಆಗುತ್ತವೆಯೇ? ಪತ್ರದಲ್ಲಿ ಅದೂ ಇತ್ತು, ಅವಳ ಒಳ್ಳೆಯದಕ್ಕೆಂದೇ ಸೋನಲ್ ಮ್ಯಾಡಮ್ ಬರೆದದ್ದು: ನೂರಕ್ಕೆ ತೊಂಬತ್ತೇಳು ಸರಿ. ವಕೀಲ ತಲೆ ಎತ್ತದೆ ಅದನ್ನು ಬರೆದುಕೊಂಡ. ಸತ್ತವನು ನಿಮ್ಮ ಓಣಿಯವನೇ? ಹೌದು. ಅವನ ಹೆಂಡತಿ ನಿಮ್ಮನ್ನು ಕಂಡು ಕೇಳಿಕೊಂಡಳೇ? ಹೌದು. ಕೇಳಿಕೊಂಡ ಮೇಲೆ ನೀವು ಈ ಹೊಗೆ ಕಾರ್ಖಾನೆಯದು ಎನ್ನುತ್ತಿದ್ದೀರಿ. ಹೌದು, ಅಲ್ಲ, ಅದಕ್ಕೂ ಮುಂಚೆ, ನಳದ ಹತ್ತಿರ... ಅವಳ ದನಿ ಅವಳ ಕುಪ್ಪಸದೊಳಗೇ ಇಳಿದುಹೋಯಿತು. ಸಾಹೇಬರು ಕಿವಿ ಮುಂದೆ ತಂದರು. ತೊಂದರೆಯಿಲ್ಲ, ಒಂದೇ ಪ್ರಶ್ನೆ, ನಿಧಾನ ಹೇಳಿ ಎಂದರು. ಅವರ ಕಣ್ಣಿನಲ್ಲಿ ಕರುಣೆಯೇ ಇತ್ತು. ಯಾರೂ ಏನೂ ಹೇಳುವ ಮುಂಚೆ, ನೀವೊಬ್ಬರೇ ಕೂತು ಇದನ್ನು ಮೊದಲ ಸಲ ನೋಡಿದಾಗ, ನಿಮಗೆ ಇದು ಏನು ಅನಿಸಿತು?

ಯಾರೂ ಏನೂ ಹೇಳುವ ಮುಂಚೆ ಎಂಬುದೊಂದು ಇರಲೇ ಇಲ್ಲ, ಸಾಹೇಬರೇ, ಎಲ್ಲರೂ ಹೇಳಿಯಾಗಿತ್ತು, ಹನ್ನೆರಡೂವರೆ ಎಂದು ನೀವೆಲ್ಲ ನನ್ನ ಕಿವಿಯಲ್ಲಿ ತುಂಬಿದ ಮೇಲೆಯೇ ನಾನು ಕಣ್ಣು ತೆರೆದದ್ದು. ವಾಕ್ಯ ಅಲ್ಲಿತ್ತು, ಪೂರ್ತಿ, ಬಸ್ಸಿನಲ್ಲಿ ಇದ್ದದ್ದಕ್ಕಿಂತ ಚೆನ್ನಾಗಿ. ಅದರ ತುದಿ ಎಳೆದು ತೆಗೆಯಲು ಒಂದು ಮೊದಲ ಮಾತು ಬೇಕಿತ್ತು. ಪ್ರಶ್ನೆಗೆ ಉತ್ತರವಾದ ಮಾತೇ ಮೊದಲು ಬಂತು, ಮರಾಠಿಯಲ್ಲಿ. 'ಪಾಚಟ,' ಎಂದಳು. ಪಾಚಟ ಎಂದರೆ ರವದಿ. ಟೈಪು ಮಾಡುವವನ ಬೆರಳು ನಾಲ್ಕು ಸಲ ಟಕಟಕ ಎಂದಿತು. ಅಷ್ಟು ಸಣ್ಣ ಸದ್ದು. ಅವಳು ಉಸಿರೆಳೆದುಕೊಂಡಳು. ಕೋಣೆ ಕಾಯುತ್ತಿತ್ತು, ಯಾರೂ ಅವಸರ ಮಾಡಲಿಲ್ಲ, ಯಾರೂ ಅವಳ ಬಾಯಿ ಮುಚ್ಚಿಸಲಿಲ್ಲ, ಮುಂದೆ ಎಷ್ಟೋ ವರ್ಷ ಅವಳು ನೆನೆಯಬೇಕಾದದ್ದು ಇದನ್ನೇ. ಅಣ್ಣಾಸಾಹೇಬ ಸೀಲಿಂಗ್ ಫ್ಯಾನಿನ ಕಡೆ ನೋಡುತ್ತಿದ್ದ. ವಕೀಲ ಪೆನ್ನಿನ ಟೋಪಿ ಹಾಕಿದ. ಸಾಹೇಬರು, 'ಆಣಖೀ ಕಾಹೀ?' ಎಂದರು, ಇನ್ನೇನಾದರೂ ಇದೆಯೇ ಎಂದು. ಗಂಟಲಲ್ಲಿ ಮೂರು ತುಂಡುಗಳು ಒಂದರ ಮೇಲೊಂದು ಏರಿ ಕೂತವು, ಎಲ್ಲ ಕಣ್ಣುಗಳೂ ಈಗ ತನ್ನ ತುಟಿಯ ಮೇಲಿದ್ದವು, ಜೋರ್ ಹೇಳ ಎಂದು ಯಾರೂ ಕೂಗುತ್ತಿರಲಿಲ್ಲ, ಕೂಗಿದ್ದರೆ ಹೇಳುತ್ತಿದ್ದಳೇನೋ. ಆಗ ಅವಳ ತಲೆ ಅತ್ತಿಂದಿತ್ತ ಆಡಿತು. ಇಲ್ಲ ಎಂದು. ಅದು ಆಡುವುದನ್ನು ಅವಳು ಒಳಗಿನಿಂದ ನೋಡಿದಳು, ಬೇರೆ ಯಾರದೋ ತಲೆಯ ಹಾಗೆ. ಓದಿ ನೋಡಿ ಸಹಿ ಮಾಡಿ ಎಂದು ಕಾಗದ ಸರಿಸಿದರು. ಬರೆದದ್ದೆಲ್ಲ ಅವಳು ಹೇಳಿದ್ದೇ. ಒಂದಕ್ಷರ ಸುಳ್ಳಿರಲಿಲ್ಲ. ತಿದ್ದಲು ಏನೂ ಸಿಗಲಿಲ್ಲ. ಸಹಿ ಮಾಡಿದಳು, ಕೆಳಗೆ ತಾರೀಖು ಹಾಕಿದಳು. ಅಣ್ಣಾಸಾಹೇಬ ಎದ್ದು ದಾರಿ ಬಿಟ್ಟುಕೊಟ್ಟ.

ಹೊರಗೆ ಬಿಸಿಲು ಕಂಬಗಳ ನಡುವೆ ಪಟ್ಟೆಪಟ್ಟೆಯಾಗಿ ಬಿದ್ದಿತ್ತು. ಮಲಕವ್ವ ಎದ್ದು ಬಂದಳು. 'ಹೇಳಿದೇನವಾ?'

'ಹೇಳಿದೆ.'

'ಚಿತ್ರಾ ತೋರಿಸಿದಿ?'

'ನೋಡಿದ್ರು. ಭಾಳ ಹೊತ್ತು ನೋಡಿದ್ರು.'

ಮಲಕವ್ವ ಎರಡೂ ಕೈಯಿಂದ ಅವಳ ಕೆನ್ನೆ ಸವರಿ, ಬೆರಳುಗಳನ್ನು ತನ್ನ ಕಿವಿಯ ಹತ್ತಿರ ಒತ್ತಿಕೊಂಡು ಲಟಲಟ ನೆಟಿಗೆ ಮುರಿದಳು. 'ನಿನ್ನ ಹಡದಾಕಿ ಹೊಟ್ಟಿ ತಣ್ಣಗಿರಲಿ,' ಎಂದಳು. ಬಾಗಿಲ ಬಳಿ ಕಾಗದದ ಕಟ್ಟು ಹಿಡಿದು ನಿಂತಿದ್ದ ಶಿಪಾಯಿಯ ಕಡೆ ತಿರುಗಿ, 'ನಮ್ಮ ಓಣಿ ಹುಡುಗಿರೀ ಇಕಿ. ಭಾಳ ಕಲ್ತಾಳ. ಎಲ್ಲಾರೂ ಸುಳ್ಳ ಹೇಳಿದ್ರು, ಇಕಿ ಒಬ್ಬಾಕಿ ಒಳಗ ಹೋಗಿ ಇದ್ದದ್ದು ಇದ್ದಂಗ ಹೇಳಿ ಬಂದಾಳ. ಮಾರಿ ನೋಡ್ರಿ, ಹ್ಯಾಂಗ ಬೆವತೈತಿ,' ಎಂದಳು. ಶಿಪಾಯಿ ವೃಷಾಲಿಯನ್ನು ಮೇಲಿಂದ ಕೆಳಗೆ ನೋಡಿದ. ವಯಸ್ಸಾದ ಮನುಷ್ಯ. ಕಟ್ಟನ್ನು ಬಗಲಿಗೆ ಸರಿಸಿ, ತನ್ನ ಕುರ್ಚಿಯನ್ನು ನೆರಳಿಗೆ ಎಳೆದು, ಅಂಗೈಯಿಂದ ಅದರ ಧೂಳು ಒರೆಸಿದ. 'ಕೂಡ್ರಿ ತಾಯಿ,' ಎಂದ.

ವೃಷಾಲಿ ಕೂತಳು.